ಕೂಗದೆ ಬಂದವರು

ಮಾದಾಪುರ
ಫೆಬ್ರವರಿ 9, 2025

ಅಮ್ಮಾ,

ನಮಸ್ಕಾರ. ಫೋನಿನಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ. ಅಣ್ಣನಿಗೆ ಹೇಳಿ, ಅವನು ನಿನ್ನ ಕಿವಿಯ ಹತ್ತಿರ ಕಿರುಚಿ, ಅದನ್ನು ಕೇರಿಯೆಲ್ಲ ಕೇಳಿಸಿಕೊಳ್ಳುವಂಥ ಸಂಗತಿಯೂ ಅಲ್ಲ ಇದು. ಅದಕ್ಕೇ ಬರೆದು ಬಸ್ಸಿನ ಕಂಡಕ್ಟರ್ ಕುಟ್ಟಪ್ಪಣ್ಣನ ಕೈಲಿ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕು.

ಗುರುವಾರ ಬೆಳಿಗ್ಗೆ ನಿನ್ನ ಅಳಿಯ ಪೂವಯ್ಯ ಮಾವನಿಗೆ ಗುಂಡು ಹೊಡೆದರು.

ಪಕ್ಕದ ತೋಟದ ಪೂವಯ್ಯ ಮಾವ. ನಮ್ಮ ಮದುವೆಯಲ್ಲಿ ನಿನಗೆ ಕೇಳಿಸಲಿ ಅಂತ ಮೈಕಿಗಿಂತ ಜೋರಾಗಿ ಮಾತಾಡಿಸಿದ್ದರು, ನೀನು ‘ಮೆಲ್ಲಗೆ ಮಾತಾಡಿ, ನಂಗೆ ಮಾತ್ರ ಕಿವಿ ಇಲ್ಲ, ಊರಿಗೆಲ್ಲ ಇದೆ’ ಅಂದಿದ್ದೆಯಲ್ಲ, ಅವರು. ಸತ್ತಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ.

ಎರಡು ತೋಟಕ್ಕೂ ಹಳ್ಳದ ನೀರು ಬರುವ ವಾಲ್ವ್ ನಮ್ಮ ಮನೆಯ ಹಿಂದಿದೆ. ಕಾಫಿ ಹೂವಿಗೆ ನೀರು ಹಾಯಿಸುವ ಈ ಸಮಯದಲ್ಲಿ ಅವರು ಬೆಳಕು ಹರಿಯುವಾಗಲೇ ಬಂದು ವಾಲ್ವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಹೋಗುತ್ತಾರೆ. ನಮ್ಮತ್ತೆ ಮದುವೆಯಾಗಿ ಬಂದ ಕಾಲದಿಂದ ಇದೇ ಕ್ರಮವಂತೆ. ಬರುವಾಗ ಕೆಳಗಿನ ಗೇಟಿನಲ್ಲಿ ನಿಂತು ಕೂಗುತ್ತಾರೆ: ‘ಓ ಜಯಪ್ಪಣ್ಣಾ... ಪೂವಯ್ಯ ಬಂದೇ...!’ ನಮ್ಮ ಮಾವನವರು ತೀರಿಕೊಂಡ ಮೇಲೂ ಅವರ ಹೆಸರನ್ನೇ ಕೂಗುತ್ತಿದ್ದರು. ಸೊಸೆಯ ಹೆಸರು ಹಿಡಿದು ಗೇಟಿನಿಂದ ಕೂಗುವುದು ಅವರಿಗೆ ಸರಿ ಕಾಣುವುದಿಲ್ಲ. ಇನ್ನು ನಿನ್ನ ಅಳಿಯ ನವೀನ ತಮ್ಮ ಕಣ್ಣೆದುರು ಹುಟ್ಟಿದ ಹುಡುಗ, ಅವನ ಅಪ್ಪಣೆ ಯಾಕೆ ಕೇಳಬೇಕು ಅಂತ. ಹಾಗಾಗಿ ಸತ್ತವರ ಅಪ್ಪಣೆ ಕೇಳಿಕೊಂಡು ಒಳಗೆ ಬರುತ್ತಿದ್ದರು.

ಆ ಕೂಗಿಗೆ ಪುಟ್ಟಿ ಬೆಚ್ಚಿ ಏಳುತ್ತಿದ್ದಳು. ಅಮ್ಮಾ, ಅವಳು ರಾತ್ರಿಯೆಲ್ಲ ಹೊಟ್ಟೆ ನೋವಿಗೆ ಅತ್ತು ಬೆಳಗಿನ ಜಾವ ಕಣ್ಣು ಮುಚ್ಚುತ್ತಾಳೆ, ನಾನೂ ಆಗಲೇ. ಕಳೆದ ತಿಂಗಳ ಕೊನೆಯಲ್ಲಿ ಒಂದು ದಿನ ತಡೆಯಲಾರದೆ ಹಿಂದಿನ ಬಾಗಿಲು ತೆಗೆದು ಹೇಳಿಬಿಟ್ಟೆ: ‘ಮಾವಾ, ಇನ್ನು ಮೇಲೆ ಕೂಗ್ಬೇಡಿ. ಸುಮ್ನೆ ಬಂದು ಹೋಗಿ. ಮಗು ಏಳ್ತದೆ.’

ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ‘ಅಯ್ಯೋ, ನನ್ನ ಬುದ್ಧಿಗಿಷ್ಟು! ಮೊದ್ಲೇ ಹೇಳ್ಬಾರ್ದಿತ್ತಾ ಮಗಳೇ? ಜಯಪ್ಪಣ್ಣನೂ ಮಲಗ್ಲಿ ಬಿಡು ಪಾಪ, ದಿನಾ ಎಬ್ಬಿಸ್ತಿದ್ದೆ’ ಅಂದರು. ಮರುದಿನದಿಂದ ಬೆಕ್ಕಿನ ಹಾಗೆ ಬಂದು ಹೋಗುತ್ತಿದ್ದರು. ಕೆಮ್ಮು ಬಂದರೂ ಟವೆಲಿನಲ್ಲಿ ಕೆಮ್ಮುತ್ತಿದ್ದರು.

ಇವರಿಗೆ ಹೇಳಲು ನಾನು ಮರೆತೆ. ಅಷ್ಟೇ. ನಿದ್ದೆಗೆಟ್ಟ ತಲೆ. ಇವರು ಅಷ್ಟು ಬೇಗ ಏಳುವವರೂ ಅಲ್ಲವಲ್ಲ ಅಂತ ಇದ್ದಿರಬೇಕು.

ಬುಧವಾರ ಮೇಲಿನ ತೋಟದವರ ಕಣದಿಂದ ಒಣಗಿಸಿದ ಕಾಳುಮೆಣಸು ಕಳವಾಯಿತು. ಇವರು ಕೋವಿ ಹಿಡಿದು ನಮ್ಮ ಕಣದಲ್ಲಿ ಮಲಗಿದರು. ಗುರುವಾರ ಬೆಳಿಗ್ಗೆ ಮಂಜು ಹೇಗಿತ್ತೆಂದರೆ ಹಿತ್ತಿಲ ತಂತಿಯ ಮೇಲೆ ಹಾಕಿದ ಬಟ್ಟೆ ಕಾಣುತ್ತಿರಲಿಲ್ಲ. ನಾನು ಎದ್ದು ಪುಟ್ಟಿಗೆ ಹಾಲು ಕುಡಿಸುತ್ತಿದ್ದೆ. ತರಗೆಲೆಯ ಸದ್ದಾಯಿತು. ಆಮೇಲೆ ಕೋವಿಯ ಸದ್ದು. ಮಧ್ಯೆ ಬೇರೇನೂ ಇಲ್ಲ. ‘ಯಾರದು?’ ಅಂತ ಇವರು ಕೇಳಲಿಲ್ಲ. ಪೊಲೀಸರಿಗೆ ಮಾತ್ರ ‘ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ’ ಅಂತ ಬರೆಸಿದ್ದಾರೆ.

ನಾನು ಓಡಿದೆ. ಎಡಗಾಲಿನ ಮಂಡಿಯ ಕೆಳಗೆ ಏನೂ ಸರಿಯಾಗಿರಲಿಲ್ಲ. ಕೋವಿಯ ಚರೆಗಳು ಮಾಂಸವನ್ನು ಕಿತ್ತು ಮೂಳೆಯ ಬಿಳಿ ಕಾಣುತ್ತಿತ್ತು. ರಕ್ತ ತರಗೆಲೆಯ ಅಡಿಗೆ ಹೋಗಿ ಎಷ್ಟೆಂದೇ ಗೊತ್ತಾಗುತ್ತಿರಲಿಲ್ಲ, ಕಾಲಿಟ್ಟಲ್ಲಿ ಬೆಚ್ಚಗಾಗುತ್ತಿತ್ತು. ಅವರು ನನ್ನ ಮುಖ ನೋಡಿದರು. ಹಲ್ಲು ಕಟಕಟ ಅನ್ನುತ್ತಿತ್ತು. ಕೇಳಿದ್ದು ಇಷ್ಟು:

‘ಮಗು ಎದ್ದುಬಿಡ್ತಾ ಮಗಳೇ?’

ಅಮ್ಮಾ, ಆ ಮಾತು ಬರೆದ ಮೇಲೆ ಇನ್ನೇನು ಬರೆಯಲಿ? ಸಂಜೆ ಇವರಿಗೆ ಎಲ್ಲ ಹೇಳಿದೆ. ಇವರು ಬಾಗಿಲು ಹಾಕಿ, ‘ಇದು ಈ ಗೋಡೆ ದಾಟಬಾರದು’ ಅಂದರು.

ನಿನ್ನ
ಶಾಂಭವಿ


ಶನಿವಾರಸಂತೆ ಹತ್ತಿರದ ಮನೆಯಿಂದ
16-2-2025

ಶಾಂಭವಿಗೆ ಅಮ್ಮನ ಆಶೀರ್ವಾದ. ಕೂಸಿಗೆ ಮುತ್ತು.

ಕಾಗದ ಓದಿ ಒಲೆಗೆ ಹಾಕಿದೆ. ಆಮೇಲೆ ಒಲೆ ಹತ್ತಿರ ಕೂತೇ ಇದ್ದೆ, ಸೊಸೆ ಬಂದು ಸಾರು ಸೀದದ್ದು ನೋಡಿ ಇಳಿಸಿದಳು.

ಆಸ್ಪತ್ರೆಗೆ ಹೋದಿರಾ? ನೀನು ಬರೆದಿಲ್ಲ, ಅಂದರೆ ಹೋಗಿಲ್ಲ. ಹೋಗಿ. ಶುಭಕ್ಕೆ ಕರೆದರೆ ಹೋಗಬೇಕು, ಕೇಡಿಗೆ ಕರೆಯದೆ ಹೋಗಬೇಕು. ನಿನ್ನ ಗಂಡನನ್ನು ಮುಂದಿಟ್ಟುಕೊಂಡು ಹೋಗು. ಬೈದರೆ ತಲೆ ತಗ್ಗಿಸಿ ಬೈಸಿಕೊಳ್ಳಲಿ. ಚಪ್ಪಲಿ ತೆಗೆದುಕೊಂಡು ಹೊಡೆದರೆ ಹೊಡೆಸಿಕೊಳ್ಳಲಿ, ಅದರಿಂದ ಯಾರೂ ಸತ್ತಿಲ್ಲ. ಹೋಗದೆ ಇದ್ದರೆ ಮಾತ್ರ ಅವರು ಆ ಗುಂಡನ್ನು ದಿನಾ ಎಣಿಸುತ್ತಾರೆ. ಕೈ ತಪ್ಪಿ ಆದದ್ದೋ ಬೇಕಂತ ಮಾಡಿದ್ದೋ ಅಂತ ಜನ ತಿಳಿಯುವುದು ಆಮೇಲೆ ನಾವು ನಡೆದುಕೊಂಡದ್ದರ ಮೇಲೆ.

ಆದರೆ ಕೂಗಬೇಡಿ ಅಂದಿದ್ದೆ ಅನ್ನುವ ಮಾತು ಬಾಯಿ ಬಿಡಬೇಡ. ಕೇಳಿದರೂ ಹೇಳಬೇಡ. ಪೂವಯ್ಯನವರೇ ಹೇಳಿದರೆ ಬೇರೆ ಮಾತು. ನಿನ್ನ ಮಡಿಲಲ್ಲಿ ಕೂಸಿದೆ. ಗಂಡ ಜೈಲಿಗೆ ಹೋದರೆ ಅದನ್ನು ಯಾರ ಮನೆ ಬಾಗಿಲಿಗೆ ಎತ್ತಿಕೊಂಡು ಹೋಗುತ್ತೀಯ?

ಹೊಟ್ಟೆ ನೋವಿಗೆ ಬಜೆ ತೇಯ್ದು ಹಾಕು. ಸ್ವಲ್ಪವಾದರೂ ನಿದ್ದೆ ಮಾಡು.

ವಿಶಾಲಾಕ್ಷಮ್ಮ


ಮಾದಾಪುರ
ಮಾರ್ಚ್ 14, 2025

ಅಮ್ಮಾ,

ನಿನ್ನ ಕಾಗದ ತಲುಪಿ ತಿಂಗಳಾಗುತ್ತ ಬಂತು. ಉತ್ತರ ಬರೆಯಲು ಮುಖವಿರಲಿಲ್ಲ. ನಾವು ಹೋಗಲಿಲ್ಲ.

ಹೋಗಲು ಹಣ್ಣು ತಂದಾಗಿತ್ತು. ಇವರನ್ನು ಜಾಮೀನಿನ ಮೇಲೆ ಬಿಡಿಸಿದ ಮಡಿಕೇರಿಯ ಲಾಯರ್ರು ಬೇಡ ಅಂದರು. ನೋಡಲು ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದಂತೆ. ‘ಮಂಜಿನಲ್ಲಿ ಸದ್ದಿಲ್ಲದೆ ಯಾರೋ ಬಂದರು, ಕಳ್ಳ ಅಂದುಕೊಂಡು ಹೆದರಿ ಹೊಡೆದೆ, ಇಷ್ಟೇ ನಿಮ್ಮ ಕೇಸು. ಈ ಮಾತಿಗೆ ಹಿಂದೆ ಮುಂದೆ ಏನೂ ಅಂಟಿಸಬೇಡಿ’ ಅಂದರಂತೆ. ಹಣ್ಣು ಅಡುಗೆಮನೆಯ ಮೂಲೆಯಲ್ಲಿ ಕೊಳೆಯಿತು. ನಾನೇ ಗೊಬ್ಬರದ ಗುಂಡಿಗೆ ಹಾಕಿ ಬಂದೆ.

ಅವರ ಎಡಗಾಲನ್ನು ಮಂಡಿಯಿಂದ ತೆಗೆದರು.

ಅವರು ಪೊಲೀಸರಿಗೆ ಏನು ಹೇಳಿದರು ಗೊತ್ತೇ? ‘ಕೂಗೋದು ಮರೆತೆ.’ ಅಷ್ಟೇ. ನನ್ನ ಹೆಸರೇ ಎತ್ತಲಿಲ್ಲ. ಹೇಳಿದ್ದರೆ ನನಗೆ ಕೆಟ್ಟ ಹೆಸರು ಬರುತ್ತಿತ್ತು, ಹಸುಗೂಸಿನ ತಾಯಿಯನ್ನು ಸ್ಟೇಷನ್ನಿಗೆ ಕರೆಸುತ್ತಿದ್ದರು. ಅದು ಬೇಡ ಅಂತ ಆ ಮನುಷ್ಯ ಕಾಲಿನ ಜೊತೆ ತನ್ನ ಮಾತನ್ನೂ ಕತ್ತರಿಸಿ ಕೊಟ್ಟುಬಿಟ್ಟರು.

ಊರು ಅದನ್ನು ಹೇಗೆ ತಿಂದಿತು ಕೇಳು. ಜೀವಮಾನವೆಲ್ಲ ಕೂಗಿದವನು ಅವತ್ತು ಮಾತ್ರ ಯಾಕೆ ಮರೆತ? ಹಿಂದಿನ ದಿನವೇ ಮೇಲಿನ ಕಣದಲ್ಲಿ ಮೆಣಸು ಕಳವಾಗಿತ್ತಲ್ಲ? ಎರಡನ್ನೂ ಕೂಡಿಸಿ ಪೂವಯ್ಯ ಮಾವ ಮೆಣಸು ಕಳ್ಳ ಆದರು. ನಮ್ಮ ಮನೆಗೆ ಬಂದವರು ‘ಹೇಗಿದ್ದ ಮನುಷ್ಯ, ಛೆ’ ಅಂತ ನಮಗೇ ಸಮಾಧಾನ ಹೇಳಿ ಹೋಗುತ್ತಾರೆ. ಇವರು ತಲೆ ಅಲ್ಲಾಡಿಸುತ್ತಾರೆ. ಇವರ ಬಾಯಿಂದ ‘ಕಳ್ಳ’ ಅನ್ನುವ ಮಾತು ಒಂದು ದಿನವೂ ಬಂದಿಲ್ಲ ಅಮ್ಮಾ. ಅಲ್ಲ ಅನ್ನುವ ಮಾತೂ ಬಂದಿಲ್ಲ.

ಮೊನ್ನೆ ಸೋಮವಾರ, ಪೇಟೆಯ ಮೆಣಸಿನ ಅಂಗಡಿಯಲ್ಲಿ ಗಲಾಟೆ ಆಯಿತು. ಇವರು ಅಲ್ಲೇ ಇದ್ದರು. ಪೂವಯ್ಯ ಮಾವನ ಮಗ ಮೊಣ್ಣಪ್ಪ ಮೂಟೆ ಇಳಿಸುತ್ತಿದ್ದ. ನಾಣಯ್ಯ ಅನ್ನುವವರು ಬೆಂಚಿನ ಮೇಲೆ ಕೂತು, ‘ಏನಯ್ಯಾ ಮೊಣ್ಣಪ್ಪ, ನಿಮ್ಮಪ್ಪ ಕಾಲು ಕೊಟ್ಟು ತಂದ ಮೆಣಸಾ ಇದು? ನೋಡಿ ಮಾರು, ಕಾಲಿನ ರೇಟಾದ್ರೂ ಹುಟ್ಲಿ’ ಅಂದರಂತೆ. ಕೂತವರು ನಕ್ಕರು. ಮೊಣ್ಣಪ್ಪ ಮೂಟೆ ಇಳಿಸಿ ಮುಗಿಸಿದ. ಕೈ ಒರೆಸಿಕೊಂಡ. ತಕ್ಕಡಿಯ ಪಕ್ಕದ ಕಬ್ಬಿಣದ ತೂಕದ ಕಲ್ಲನ್ನು ತೆಗೆದುಕೊಂಡು ನಾಣಯ್ಯನವರ ಬಾಯಿಗೆ ಬಡಿದ. ಹಲ್ಲು ಮೆಣಸಿನ ರಾಶಿಯ ಮೇಲೆ ಬಿದ್ದವಂತೆ. ಅವರು ಬಾಯಿ ಹಿಡಿದುಕೊಂಡು ಕೆಳಗೆ ಬಿದ್ದರೂ ಬಿಡದೆ ಮತ್ತೊಂದು ಏಟು, ದವಡೆಗೆ. ಆಮೇಲೆ ಇವರ ಕಡೆ ತಿರುಗಿ, ‘ನವೀನಣ್ಣ, ನೀವು ಹೇಳಿ. ನಮ್ಮಪ್ಪ ಕಳ್ಳನಾ? ನೀವು ಅಲ್ಲ ಅಂದ್ರೆ ಈ ಕಲ್ಲು ಇಲ್ಲೇ ಇಟ್ಟು ಹೋಗ್ತೀನಿ’ ಅಂದ.

ಆ ಹೊತ್ತಿನಲ್ಲೂ ‘ನವೀನಣ್ಣ’ ಅಂದ, ‘ನೀವು’ ಅಂದ. ಇವರು ಬೈಕು ಹತ್ತಿ ಬಂದುಬಿಟ್ಟರು.

ಅವತ್ತು ನಮ್ಮ ಗಡಿಯ ಉದ್ದಕ್ಕೂ ಇದ್ದ ಮೆಣಸಿನ ಬಳ್ಳಿಗಳನ್ನು ಯಾರೋ ಬುಡದಲ್ಲಿ ಕತ್ತರಿಸಿದರು. ಮೊದಲು ಗೊತ್ತೇ ಆಗಲಿಲ್ಲ. ಬಳ್ಳಿ ಮರವನ್ನು ಅಪ್ಪಿಕೊಂಡು ಹಸುರಾಗೇ ಇತ್ತು. ಎಲೆ ಬಾಡಿದ ಮೇಲೆ ಬುಡ ನೋಡಿದೆವು. ನಿನ್ನೆ ಹಾಡುಹಗಲಿನಲ್ಲಿ ಕಿಟಕಿಗೆ ಕಲ್ಲು ಬಿತ್ತು. ಗಾಜು ತೊಟ್ಟಿಲೊಳಗೆ. ಪುಟ್ಟಿ ನನ್ನ ತೊಡೆಯ ಮೇಲಿದ್ದಳು, ದೇವರು ದೊಡ್ಡವನು.

ಕಾಲೇಜಿನಲ್ಲಿ ನಾನು ಈ ಹಳ್ಳಿ ಮರ್ಯಾದೆಗಳನ್ನೆಲ್ಲ ನೋಡಿ ನಗುತ್ತಿದ್ದೆ. ಎಷ್ಟು ಕೂಗು, ಎಷ್ಟು ‘ಬಂದಿರಾ, ಕೂತಿರಾ, ಉಂಡಿರಾ’. ನಿದ್ದೆ ಬರದೆ ಕೂತಾಗ ಈಗ ಅನ್ನಿಸುತ್ತದೆ: ಮಂಜಿನಲ್ಲಿ ಮನುಷ್ಯನಿಗೂ ಹಂದಿಗೂ ಇರುವ ವ್ಯತ್ಯಾಸ ಆ ಕೂಗೊಂದೇ. ಬರುವವನು ‘ಬಂದೆ’ ಅನ್ನಬೇಕು, ಇರುವವನು ‘ಯಾರು’ ಅನ್ನಬೇಕು. ಒಬ್ಬರ ಬಾಯನ್ನು ನಾನು ಮುಚ್ಚಿಸಿದೆ, ಇನ್ನೊಬ್ಬರು ತಾವೇ ಮುಚ್ಚಿಕೊಂಡರು.

ನಾನು ಹೇಳಿಬಿಡಲೇ ಅಮ್ಮಾ?

ಶಾಂಭವಿ


ಮಾರ್ಚ್ 20, 2025

ಶ್ರೀಮತಿ ಶಾಂಭವಿ ನವೀನ್‌ಕುಮಾರ್ ಅವರಿಗೆ,

ನಮಸ್ಕಾರಗಳು. ತಾವೂ ತಮ್ಮ ಕುಟುಂಬದವರೂ ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಮಗುವಿನ ಆರೋಗ್ಯ ಉತ್ತಮವಾಗಿರಲಿ.

ನನ್ನ ಮಾವನವರಾದ ಪೂವಯ್ಯನವರನ್ನು ಮಂಗಳವಾರ ಮನೆಗೆ ಕರೆತಂದಿದ್ದೇವೆ. ತಾವು ವಿಚಾರಿಸಿಲ್ಲವಾದರೂ ತಿಳಿಸುವುದು ನನ್ನ ಕರ್ತವ್ಯ.

ಅವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಊಟಕ್ಕೆ ಎಬ್ಬಿಸಿದರೆ ಇಲ್ಲದ ಕಾಲನ್ನು ತುರಿಸು ಅನ್ನುತ್ತಾರೆ. ಅವತ್ತು ಯಾಕೆ ಕೂಗಲಿಲ್ಲವೆಂದು ಮಗ ಕೇಳಿದರೆ ‘ಮರೆತೆ’ ಅನ್ನುತ್ತಾರೆ, ಮತ್ತೆ ಕೇಳಿದರೆ ತಟ್ಟೆ ಎಸೆಯುತ್ತಾರೆ. ತಮ್ಮ ಮನೆಯ ಬೆಕ್ಕಿಗೂ ಗೊತ್ತು, ಅವರು ಮರೆಯುವವರಲ್ಲ. ಈ ಊರಿನಲ್ಲಿ ಸತ್ತವರ ಹೆಸರನ್ನೂ ಬಿಡದೆ ಕೂಗಿ ಬರುವವರು ಅವರೊಬ್ಬರೇ.

ನನ್ನ ಗಂಡ ದಿನಾ ಕತ್ತಿ ಮಸೆಯುತ್ತಾರೆ. ಸೌದೆಗೆ ಅನ್ನುತ್ತಾರೆ. ನಮ್ಮಲ್ಲಿ ಈಗ ಗ್ಯಾಸಿದೆ. ತಮ್ಮ ಯಜಮಾನರಿಗೆ ಸಂಜೆಯ ಮೇಲೆ ಒಬ್ಬರೇ ಓಡಾಡಬೇಡಿ ಎಂದು ದಯವಿಟ್ಟು ತಿಳಿಸಿ. ನಾನು ಹೇಳಬಾರದ ಮಾತು ಇದು, ಹೇಳಿದ್ದೇನೆ.

ಹಾಸ್ಟೆಲಿನಲ್ಲಿ ಒಂದೇ ಕಂಬಳಿ ಹೊದ್ದು ಮೂರು ವರ್ಷ ಮಲಗಿದ್ದೆವು ಎನ್ನುವ ಸಲುಗೆಯಿಂದ ಒಂದೇ ಒಂದು ಪ್ರಶ್ನೆ. ನಿನಗೆ ಏನಾದರೂ ಗೊತ್ತಾ ಶಾಂಭವಿ? ಗೊತ್ತಿದ್ದೂ ಸುಮ್ಮನಿದ್ದೀಯಾ?

ತಮ್ಮ ವಿಶ್ವಾಸಿ,
ಯಮುನ ಮೊಣ್ಣಪ್ಪ


ಮಾದಾಪುರ
ಮಾರ್ಚ್ 23, 2025

ಅಮ್ಮಾ,

ಅಕ್ಷರ ಓರೆಯಾಗಿದ್ದರೆ ಕ್ಷಮಿಸು. ಬಲಗೈಯ ಬೆರಳು ಮಡಿಸಲಾಗುತ್ತಿಲ್ಲ.

ಯಮುನಳ ಕಾಗದವನ್ನು ಇವರಿಗೆ ತೋರಿಸಿದೆ. ‘ನಾನು ಹೇಳ್ತೀನಿ. ನಾನು ಕೂಗಬೇಡಿ ಅಂದದ್ದೂ, ನೀವು ಯಾರು ಅಂತ ಕೇಳದೆ ಇದ್ದದ್ದೂ’ ಅಂದೆ. ಇವರು ಮೊದಲು ಬಹಳ ಮೆತ್ತಗೆ ಮಾತಾಡಿದರು. ‘ನೋಡು ಶಾಂಭವಿ, ದಯವಿಟ್ಟು. ಅವರಿಗೆ ಕಾಲು ಹೋಯ್ತು, ಅದು ವಾಪಸ್ ಬರಲ್ಲ. ನಾನು ಒಳಗೆ ಹೋದರೆ ಅವರಿಗೇನು ಕಾಲು ಬೆಳೆಯುತ್ತಾ?’ ನಾನು, ‘ಕಾಲಲ್ಲ, ಅವರ ಹೆಸರು’ ಅಂದೆ. ‘ಹೆಸರು ಇಟ್ಕೊಂಡು ಆ ಮುದುಕ ಏನು ಮಾಡ್ತಾನೆ’ ಅಂದರು.

ಮುದುಕ ಅಂದರು. ಇವರನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವರನ್ನು.

ನಾನು ಬಾಗಿಲ ಕಡೆ ಹೋದೆ. ಇವರು ಜಡೆ ಹಿಡಿದು ಎಳೆದರು. ಪುಟ್ಟಿ ಹೆಗಲ ಮೇಲಿದ್ದಳು. ಒಂದು ಕೈಯಲ್ಲಿ ಅವಳನ್ನು ಕಿತ್ತು ಮಂಚದ ಮೇಲೆ ಹಾಕಿ ಇನ್ನೊಂದು ಕೈಯಲ್ಲಿ ಹೊಡೆದರು. ಮುಖಕ್ಕೆ, ಆಮೇಲೆ ಬೆನ್ನಿಗೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ, ಬಾಗಿಲನ್ನು ಬೆರಳ ಮೇಲೆ ಹಾಕಿದರು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ಒಣ ಕಡ್ಡಿಯ ಹಾಗೆ. ಅಷ್ಟರಲ್ಲಿ ಕೆಳಗಿನ ಗೇಟಿನಲ್ಲಿ ಗ್ಯಾಸಿನವನು ಹಾರ್ನ್ ಹೊಡೆದ. ಇವರು ತಲೆಗೂದಲು ಸರಿಮಾಡಿಕೊಂಡು ಹೊರಗೆ ಹೋಗಿ, ‘ಬನ್ನಿ ಬನ್ನಿ, ಬಿಸಿಲಲ್ಲಿ ಬಂದಿದ್ದೀರಿ, ನೀರು ಬೇಕಾ?’ ಅಂದರು. ಅಮ್ಮಾ, ಅಷ್ಟು ಚೆನ್ನಾಗಿ ಅಂದರು.

ಆ ದನಿ ಕೇಳಿ ನನಗೆ ಹೊಡೆತಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಪೂವಯ್ಯ ಮಾವ ಮಾತಾಡುವ ಮಾತುಗಳೇ ಅವು. ಒಂದಕ್ಷರ ವ್ಯತ್ಯಾಸವಿಲ್ಲ.

ಶಾಂಭವಿ


26-3-2025

ಶಾಂಭವಿ,

ಬಂದುಬಿಡು. ಅಣ್ಣನಿಗೆ ಹೇಳಿದ್ದೇನೆ, ಶುಕ್ರವಾರ ಜೀಪು ತರುತ್ತಾನೆ. ಬಟ್ಟೆ ಬರೆ ಬೇಡ, ಕೂಸನ್ನು ಎತ್ತಿಕೊಂಡು ಬಾ.

ಹೋಗಿ ನೋಡಿ ಬಾ, ನಿಜ ಮಾತ್ರ ಹೇಳಬೇಡ ಅಂತ ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಗಾಯದ ಮೇಲೆ ಹೂವಿಟ್ಟು ಮುಚ್ಚಿ ಬಾ ಅಂದ ಹಾಗಾಯಿತು. ಏನು ಮಾಡಬೇಕು ಅಂತ ನನ್ನನ್ನು ಕೇಳಬೇಡ. ನನಗೂ ತಿಳಿಯುವುದಿಲ್ಲ. ಕೂಸಿನ ಮುಖ ನೋಡಿದರೆ ಒಂದು ಅನ್ನಿಸುತ್ತದೆ, ಆ ಮನುಷ್ಯನ ಮುಖ ನೆನೆದರೆ ಒಂದು.

ಬೆರಳಿಗೆ ಕಟ್ಟು ಹಾಕಿಸಿದೆಯಾ?

ಅಮ್ಮ


ಮಾದಾಪುರ
ಏಪ್ರಿಲ್ 6, 2025

ಅಮ್ಮಾ,

ಅಣ್ಣನನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ ಅವನು ಕೋಪ ಮಾಡಿಕೊಂಡಿರುತ್ತಾನೆ. ಜೀಪು ಹತ್ತಿದ್ದರೆ ನಾನು ಮತ್ತೆ ಇಲ್ಲಿಗೆ ಬರುತ್ತಿರಲಿಲ್ಲ, ಅದು ನನಗೇ ಗೊತ್ತಿತ್ತು. ಅದಕ್ಕೇ ಹತ್ತಲಿಲ್ಲ.

ಕಳೆದ ಭಾನುವಾರ ಇವರು ಮಡಿಕೇರಿಗೆ ಹೋದಾಗ ಪುಟ್ಟಿಯನ್ನು ಎತ್ತಿಕೊಂಡು ಪೂವಯ್ಯ ಮಾವನ ಮನೆಗೆ ಹೋದೆ. ನಡುಮಧ್ಯಾಹ್ನ. ಅವರನ್ನು ನೋಡಲು ನೆಂಟರು ಬಂದು ಜಗಲಿಯ ತುಂಬ ಕೂತಿದ್ದರು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಮೊಣ್ಣಪ್ಪ ಅಂಗಳದ ಹಲಸಿನ ಮರದ ಕೆಳಗೆ ಸೌದೆ ಸೀಳುತ್ತಿದ್ದ. ಕತ್ತಿ ಕೈಯಲ್ಲೇ ಇತ್ತು, ನನ್ನ ಕಡೆ ಬಂದ.

‘ಗಂಡನ್ನ ಕಳಿಸು. ಮಗು ಮುಂದೆ ಹಿಡ್ಕೊಂಡು ಬಂದ್ರೆ ನನ್ನ ಕೈ ಏಳಲ್ಲ ಅಂದ್ಕೊಂಡ್ಯಾ?’

ಜಗಲಿಯಿಂದ ಒಬ್ಬ ಹಿರಿಯರು, ‘ಏಯ್! ಅಂಗಳಕ್ಕೆ ಕಾಲಿಟ್ಟವಳು ಅವಳು. ಕತ್ತಿ ಇಳಿಸೋ’ ಅಂದರು. ಇಳಿಸಲಿಲ್ಲ. ಎತ್ತಲೂ ಇಲ್ಲ.

ಹೇಗೋ ಹೇಳಿದೆ. ಎಲ್ಲರಿಗೂ ಕೇಳಿಸುವ ಹಾಗೆ: ‘ಪೂವಯ್ಯ ಮಾವ ಮರೆಯಲಿಲ್ಲ. ನಾನೇ ಕೂಗಬೇಡಿ ಅಂದಿದ್ದೆ, ಮಗು ಏಳ್ತದೆ ಅಂತ. ನನ್ನ ಗಂಡನಿಗೆ ಹೇಳಲಿಲ್ಲ. ಅವರು ಯಾರು ಅಂತ ಕೇಳದೆ ಹೊಡೆದರು. ಎರಡು ಸಲ ಕೇಳಿದೆ ಅಂತ ಬರೆಸಿದ್ದು ಸುಳ್ಳು.’

ಆಗ ಒಳಗಿನ ಕೋಣೆಯಿಂದ ದನಿ ಬಂತು. ಪೂವಯ್ಯ ಮಾವನದು. ‘ಸುಳ್ಳು!’

ಊರುಗೋಲು ಹಿಡಿದು, ಗೋಡೆ ಹಿಡಿದು, ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಬಾಗಿಲಿಗೆ ಬಂದರು. ಪಂಚೆಯ ಒಂದು ಬದಿ ಖಾಲಿಯಾಗಿ ತೂಗುತ್ತಿತ್ತು. ‘ಆ ಹೆಣ್ಣಿಗೆ ನಿದ್ದೆ ಇಲ್ಲ, ಏನೇನೋ ಹೇಳ್ತಾ ಇದೆ. ಅವಳು ನನ್ನ ಹತ್ರ ಏನೂ ಹೇಳಿಲ್ಲ. ನಾನೇ ಮರೆತದ್ದು. ಕರ್ಕೊಂಡು ಹೋಗಿ ಮನೆಗೆ ಬಿಟ್ಟು ಬನ್ನಿ.’

ಎಲ್ಲರೂ ಅವರನ್ನೇ ನಂಬಿದರು ಅಮ್ಮಾ! ಹೆಂಗಸರಲ್ಲಿ ಯಾರೋ ‘ಬಾಣಂತಿ ಸನ್ನಿ, ಪಾಪ’ ಅಂದರು. ಇನ್ನೊಬ್ಬರು, ‘ಗಂಡ ಕಳಿಸಿರ್ಬೇಕು, ರಾಜಿ ಮಾಡ್ಸೋಕೆ ಹೊಸ ಉಪಾಯ’ ಅಂದರು. ಮೊಣ್ಣಪ್ಪ ಕೂಡ ಅಪ್ಪನನ್ನು ನೋಡಿ, ನನ್ನನ್ನು ನೋಡಿ, ಕತ್ತಿಯ ಹಿಡಿಯನ್ನು ಬಿಗಿಮಾಡಿದ.

ನಾನು ಜನ್ಮದಲ್ಲಿ ಹಿರಿಯರಿಗೆ ಎದುರು ಮಾತಾಡಿದವಳಲ್ಲ. ಅವತ್ತು ಕಿರುಚಿದೆ. ‘ಸುಮ್ನಿರಿ ಮಾವಾ! ಸಾಕು ನಿಮ್ಮ ದೊಡ್ಡಸ್ತಿಕೆ! ಗುಂಡು ಬಿದ್ದು ನೆಲದಲ್ಲಿ ಬಿದ್ದಿದ್ದಾಗ ನನ್ನನ್ನ ಏನು ಕೇಳಿದ್ರಿ? ಮಗು ಎದ್ದುಬಿಡ್ತಾ ಅಂತ ಕೇಳ್ಲಿಲ್ವಾ? ಕೂಗೋದು ಮರೆತವರು ಯಾಕೆ ಹಾಗೆ ಕೇಳ್ತಾರೆ? ಈ ಮಗುವಿನ ತಲೆ ಮೇಲೆ ಕೈಯಿಟ್ಟು ಹೇಳಿ ಇಲ್ಲ ಅಂತ!’

ಪುಟ್ಟಿಯನ್ನು ಅವರ ಮುಂದೆ ಚಾಚಿ ಹಿಡಿದೆ. ಅವಳು ಕಿರುಚಿ ಅಳುತ್ತಿದ್ದಳು.

ಅವರು ಕೈ ಎತ್ತಿದರು. ಇಡಲಿಲ್ಲ. ಊರುಗೋಲಿನ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿಕೊಂಡರು. ‘ನಿನ್ನ ಹತ್ರ ಯಾರು ಕೇಳಿದ್ರು ಮಗಳೇ’ ಅಂದರು. ‘ನಾನು ಒಬ್ನೇ ಹೊತ್ಕೊಂಡಿದ್ದೆ. ಭಾರ ಏನೂ ಇರ್ಲಿಲ್ಲ.’

ಯಮುನ ಜಗಲಿಯಿಂದ ಇಳಿದು ಬಂದಳು. ನನ್ನ ಕೈಯಿಂದ ಪುಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡು ತನ್ನ ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ನನ್ನ ಕೆನ್ನೆಗೆ ಹೊಡೆದಳು. ಒಂದಲ್ಲ. ನಾನು ನೆಲಕ್ಕೆ ಕೂತ ಮೇಲೂ ಹೊಡೆದಳು. ತುಟಿ ಒಡೆದು ರಕ್ತ ಬಾಯಿಗೆ ಬಂತು. ‘ಎರಡು ತಿಂಗಳು! ಎರಡು ತಿಂಗಳು ಅವರನ್ನ ಕಳ್ಳ ಅಂದ್ರಲ್ಲೇ!’ ಅನ್ನುತ್ತಿದ್ದಳು. ಯಾರೂ ಬಿಡಿಸಲಿಲ್ಲ. ಬಿಡಿಸದೆ ಇದ್ದದ್ದೇ ಒಳ್ಳೆಯದಾಯಿತು.

ಮೊಣ್ಣಪ್ಪ ಹಲಸಿನ ಮರಕ್ಕೆ ಕತ್ತಿಯಿಂದ ಕೊಚ್ಚುತ್ತಿದ್ದ. ಸುಮ್ಮನೆ, ಮೇಲಿಂದ ಮೇಲೆ. ಮರದ ಹಾಲು ಅವನ ಕೈಗೆಲ್ಲ ಅಂಟಿಕೊಂಡಿತ್ತು.

ಸೋಮವಾರ ಬಸ್ಸು ಹತ್ತಿ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಟ್ಟೆ. ‘ಯಾರಾದ್ರೂ ಹೊಡೆದು ಹೇಳಿಸ್ತಾ ಇದ್ದಾರಾ ಅಮ್ಮಾ?’ ಅಂತ ಬರೆದುಕೊಳ್ಳುತ್ತಿದ್ದ ಪೊಲೀಸಿನವರು ನನ್ನ ಮುಖ ನೋಡಿ ಕೇಳಿದರು. ‘ಮೊದಲು ಹೊಡೆದವರು ಹೇಳಬೇಡ ಅಂತ ಹೊಡೆದರು, ಆಮೇಲೆ ಹೊಡೆದವರು ಯಾಕೆ ಮೊದಲೇ ಹೇಳಲಿಲ್ಲ ಅಂತ ಹೊಡೆದರು’ ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನೀರು ತರಿಸಿದರು.

ಇವರು ಹಾಸನದ ಅಕ್ಕನ ಮನೆಗೆ ಹೋಗಿದ್ದಾರೆ. ಜಾಮೀನು ಉಳಿಯುವುದಿಲ್ಲ ಅಂತ ಲಾಯರ್ರು ಹೇಳಿದರಂತೆ. ನಾನು ಇಲ್ಲೇ ಇರುತ್ತೇನೆ. ತೋಟ ನೋಡುವವರು ಬೇಕಲ್ಲ.

ಬೆರಳು ಸೊಟ್ಟಗೆ ಕೂಡಿಕೊಂಡಿದೆ. ಬರೆಯಬಹುದು.

ಶಾಂಭವಿ


ಜೂನ್ 15, 2025

ಶಾಂಭವಿ,

ನಿನ್ನ ಮನೆಯ ದೀಪ ನಮ್ಮ ಅಡುಗೆಮನೆಯಿಂದ ಕಾಣುತ್ತದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಎದುರು ನಿಂತು ಮಾತಾಡುವಷ್ಟು ಇನ್ನೂ ಆಗಿಲ್ಲ.

ನವೀನಣ್ಣನನ್ನು ಪೊಲೀಸರು ಹಾಸನದಿಂದ ಕರೆದುಕೊಂಡು ಹೋದ ಸುದ್ದಿ ಕೇಳಿದೆ. ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ನಮ್ಮವರು ಮಾತ್ರ ಅವತ್ತು ಕತ್ತಿಯನ್ನು ಅಟ್ಟದ ಮೇಲೆ ಇಟ್ಟರು.

ಮಾವನನ್ನು ಈಗ ಯಾರೂ ಕಳ್ಳ ಅನ್ನುವುದಿಲ್ಲ. ನಾಣಯ್ಯನವರು ಕಟ್ಟಿಸಿದ ಹಲ್ಲು ಹಾಕಿಕೊಂಡು ಬಂದಿದ್ದರು. ‘ತಪ್ಪಾಯ್ತು ಪೂವಯ್ಯಣ್ಣ’ ಅಂದರು. ಮಾವ ಅವರ ಹಲ್ಲು ನೋಡಿ, ‘ಮೊದಲಿಗಿಂತ ಚೆನ್ನಾಗಿದೆ ಕಣೋ, ನನ್ನ ಮಗನಿಗೆ ಥ್ಯಾಂಕ್ಸ್ ಹೇಳಿ ಹೋಗು’ ಅಂದರು. ಮಂಗಳೂರಿನಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ನಗು ನಿನ್ನಿಂದ ಬಂದದ್ದು ಅಂತ ನನಗೆ ಗೊತ್ತು. ಊರು ಈಗ ನಿನ್ನನ್ನು ಗಂಡನನ್ನು ಜೈಲಿಗೆ ಕಳಿಸಿದವಳು ಅನ್ನುತ್ತದೆ. ನನ್ನೆದುರು ಅಂದಾಗ ನಾನು ತಡೆಯುವುದಿಲ್ಲ. ಅದನ್ನೂ ನಿನಗೆ ಹೇಳಿಬಿಡುವುದು ಒಳ್ಳೆಯದು.

ನಿನ್ನೆ ಮಾವ ಇದ್ದಕ್ಕಿದ್ದ ಹಾಗೆ ಕೇಳಿದರು: ‘ಅವತ್ತು ಆ ಹೆಣ್ಣಿಗೆ ಕಾಫಿ ಕೊಟ್ರಾ?’

‘ಇಲ್ಲ’ ಅಂದೆ.

‘ನೀರು?’

‘ಇಲ್ಲ.’

ಕೈಯಲ್ಲಿದ್ದ ಊರುಗೋಲನ್ನು ನನ್ನ ಮೇಲೆ ಎಸೆದರು ಶಾಂಭವಿ. ನನಗೆ ಒಂದು ದಿನವೂ ಗದರಿದವರಲ್ಲ. ಹುಬ್ಬಿನ ಮೇಲೆ ಬಿತ್ತು, ಹೊಲಿಗೆ ಹಾಕಿಸಿಕೊಂಡು ಬಂದೆ. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವರು ನಿಲ್ಲಿಸಲಿಲ್ಲ. ‘ಬಾಣಂತಿ ಹೆಣ್ಣು, ಬಿಸಿಲಲ್ಲಿ ಮಗು ಎತ್ಕೊಂಡು ಮನೆಗೆ ಬಂದಿದ್ಲು. ಹೊಡೆದ್ರಿ, ಅದು ಬಿಡು, ಹೊಡೆಯೋದಕ್ಕೆ ಕಾರಣ ಇತ್ತು. ಬಾಯಿಗೆ ಏನೂ ಕೊಡದೆ ಕಳಿಸಿದ್ರಾ? ನನ್ನ ಕಾಲು ಹೋಯ್ತು ಅಂತ ಈ ಮನೆ ಮರ್ಯಾದೆನೂ ಕತ್ತರಿಸಿ ಹಾಕಿದ್ರಾ?’ ಅಂತ ಕೂಗಾಡಿದರು. ಇವತ್ತು ಬೆಳಿಗ್ಗೆಯಿಂದ ಊಟ ಬಿಟ್ಟಿದ್ದಾರೆ.

ಅದಕ್ಕೇ ಕರೆಯುತ್ತಿದ್ದೇನೆ. ಬುಧವಾರ ನಮ್ಮವರು ವಿರಾಜಪೇಟೆಗೆ ಹೋಗುತ್ತಾರೆ. ಬೆಳಗಿನ ಕೆಲಸ ಮುಗಿದ ಮೇಲೆ ಬಾ. ಮಗುವನ್ನೂ ಕರೆದುಕೊಂಡು ಬಾ, ಮಾವ ಎತ್ತಿಕೊಳ್ಳಬೇಕಂತೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ನೀನು ಕ್ಷಮೆ ಕೇಳಬೇಡ, ನಾನೂ ಹೊಡೆದದ್ದಕ್ಕೆ ಕೇಳುವುದಿಲ್ಲ. ಬಂದರೆ ಕೂತುಕೊಳ್ಳಿ ಅನ್ನುತ್ತೇನೆ. ಕಾಫಿ ತರುತ್ತೇನೆ. ಸಕ್ಕರೆ ಎಷ್ಟು ಅಂತ ಕೇಳುತ್ತೇನೆ. ನಿನಗೆ ಎಷ್ಟು ಬೇಕು ಅಂತ ನನಗೆ ಗೊತ್ತು. ಆದರೂ ಕೇಳುತ್ತೇನೆ. ನೀನು ಹೇಳು.

ಯಮುನ